ಒಂದೇ ಟಿಕ್

ಮತ್ತೆ ಒಂದೇ ಟಿಕ್.

'ಊಟ ಆಯ್ತಾ?' ಎಂದು ಗಂಡನಿಗೆ ಮೆಸೇಜ್ ಕಳಿಸಿ ಮುಕ್ಕಾಲು ಗಂಟೆಯಾಗಿತ್ತು. ಒಂದು ಟಿಕ್ ಎಂದರೆ ಇಲ್ಲಿಂದ ಹೊರಟಿದೆ, ಅಲ್ಲಿಗೆ ತಲುಪಿಲ್ಲ. ತಲುಪಿದ್ದರೆ ಎರಡು ಬೀಳಬೇಕಿತ್ತು. ಲ್ಯಾಬಿನಲ್ಲಿ ರಕ್ತದ ಮಾದರಿಗಳ ಟ್ರೇ ಮುಂದಿಟ್ಟುಕೊಂಡು ಅವಳು ಕೈಗವಸು ಬಿಚ್ಚಿ ಫೋನ್ ನೋಡಿದಳು. ತೊಟ್ಟಳು. ಮತ್ತೆ ಬಿಚ್ಚಿದಳು.

ಗಂಡ ಮನೆಯಲ್ಲೇ ಕೂತು ಕಟ್ಟಡಗಳ ನಕ್ಷೆ ಬರೆಯುವವನು. ಅವರಿದ್ದ ಹಳೆಯ ಕಟ್ಟಡದ ಗೋಡೆಗಳು ಎಷ್ಟು ದಪ್ಪವೆಂದರೆ, ಗೇಟು ದಾಟಿ ಒಳಗೆ ಬಂದರೆ ಮೊಬೈಲ್ ಸಿಗ್ನಲ್ ಸುಳಿಯುತ್ತಿರಲಿಲ್ಲ. ಮನೆಯೊಳಗೆ ಮೆಸೇಜ್ ಬರುವುದು ವೈಫೈ ಇದ್ದರೆ ಮಾತ್ರ. ವೈಫೈ ದಿನವಿಡೀ ಚಾಲೂ ಇರುತ್ತಿತ್ತು. ಹಾಗಾದರೆ ಅವನು ಮನೆಯಲ್ಲಿದ್ದರೂ ಮೆಸೇಜ್ ತಲುಪಬೇಕು, ರಸ್ತೆಯಲ್ಲಿದ್ದರೂ ತಲುಪಬೇಕು. ತಲುಪದ ಜಾಗ ಒಂದೇ ಉಳಿಯಿತು: ಅದೇ ಕಟ್ಟಡದ ಇನ್ನೊಬ್ಬರ ಮನೆ.

ಮೊದಲ ಮಹಡಿಯಲ್ಲಿ ಪಿಟೀಲು ಟೀಚರ್ ಒಬ್ಬಳೇ ಇದ್ದಳು.

ಹೀಗಾಗುತ್ತಿದ್ದುದು ಮಂಗಳವಾರ, ಗುರುವಾರ ಮಾತ್ರ, ಹನ್ನೆರಡರಿಂದ ಎರಡರವರೆಗೆ. ಕಳೆದ ಗುರುವಾರ ಜೋರು ಮಳೆ. ಸಂಜೆ ಬಂದವಳೇ ಗಂಡನ ಚಪ್ಪಲಿ ಎತ್ತಿ ನೋಡಿದ್ದಳು. ಒಣಗಿಯೇ ಇತ್ತು. ಎರಡು ಮಹಡಿ ಇಳಿದರೆ ಸಿಗುವ ಮನೆಗೆ ಹೋದರೆ ಚಪ್ಪಲಿ ಯಾಕೆ ಒದ್ದೆಯಾಗುತ್ತದೆ?

"ಮಂಗಳವಾರ, ಗುರುವಾರ ಮಧ್ಯಾಹ್ನ ಎಲ್ಲಿರ್ತೀರಿ?"

"ಎಲ್ಲಿರ್ತೀನಿ, ಮನೇಲೇ." ಗಂಡ ನಕ್ಷೆಯಿಂದ ಕಣ್ಣು ತೆಗೆಯಲಿಲ್ಲ. "ಆ ಎರಡು ದಿನ ಕೆಲಸ ಜಾಸ್ತಿ. ಫೋನ್ ಮುಟ್ಟೋದೇ ಇಲ್ಲ."

ಯಾರಿಗಾದರೂ ಹೇಳಿಕೊಳ್ಳದಿದ್ದರೆ ತಲೆ ಸಿಡಿಯುತ್ತಿತ್ತು. ಹೇಳಿಕೊಳ್ಳಲು ಇದ್ದವಳು ಕಂಪ್ಯೂಟರ್ ಅಕ್ಕ. ಲ್ಯಾಬಿನ ಅಷ್ಟೂ ಯಂತ್ರಗಳನ್ನು ನೆಟ್‌ವರ್ಕಿಗೆ ಜೋಡಿಸಿ ಕಾಯುವವಳು. ದೊಡ್ಡ ಡಾಕ್ಟರೂ ಅವಳನ್ನು ಹಾಗೆಯೇ ಕರೆಯುತ್ತಿದ್ದರು. ಅಂದು ಮಂಗಳವಾರ; ಅವಳು ಇನ್ನೊಂದು ಶಾಖೆಯ ಕೆಲಸಕ್ಕೆ ಹೋಗಿದ್ದರಿಂದ ಮಾರನೆಯ ದಿನದವರೆಗೆ ಕಾಯಬೇಕಾಯಿತು. ಬುಧವಾರ ಊಟದ ಹೊತ್ತಿಗೆ ಎಲ್ಲವನ್ನೂ ತೋಡಿಕೊಂಡಳು.

ಅಕ್ಕ ತುತ್ತು ಇಳಿಸಿಕೊಂಡು ನಿಧಾನವಾಗಿ ಹೇಳಿದಳು. "ಹುಚ್ಚಿ, ಸುಮ್ಮನೆ ಆ ಟೀಚರ್ ಮೇಲೆ ಹೋಗಬೇಡ. ನಿನ್ನ ಗಂಡ ಮನೇಲೇ ಇರ್ತಾನೆ."

"ಮತ್ತೆ ಮೆಸೇಜು?"

"ಕೆಲವು ಫೋನಿಗೆ ಅದೊಂದು ರೋಗ. ಮುಟ್ಟದೆ ಬಿಟ್ಟರೆ ಫೋನ್ ನಿದ್ದೆಗೆ ಹೋಗುತ್ತೆ, ಬ್ಯಾಟರಿ ಉಳಿಸೋಕೆ ವೈಫೈಯನ್ನೂ ಬಿಟ್ಟುಬಿಡುತ್ತೆ. ಎಬ್ಬಿಸಿದಾಗ ಮೆಸೇಜೆಲ್ಲ ದಬದಬ ಬೀಳುತ್ತೆ. ಸೆಟ್ಟಿಂಗ್ ಬದಲಾಯಿಸಿದರೆ ಆಯ್ತು. ನನ್ನದು ನೋಡು, ಎಷ್ಟೊತ್ತು ಮಲಗಿದ್ರೂ ಹಿಡಿದಿದ್ದನ್ನ ಬಿಡಲ್ಲ."

ಶನಿವಾರ ಮಧ್ಯಾಹ್ನ ಅಕ್ಕ ತಾನೇ ಬಂದಳು. ರಸ್ತೆಯಿಂದ ಮೆಸೇಜ್ ಕಳಿಸಿ, "ಗೋದಾಮಿನ ಪಕ್ಕದ ಗೇಟೋ, ಎದುರಿನದೋ? ಮೊದಲನೇ ಸಲ ಬರ್ತಿರೋದು, ಗೊತ್ತಾಗ್ತಿಲ್ಲ," ಎಂದಳು. ಇವಳೇ ಇಳಿದುಹೋಗಿ ಕರೆತಂದಳು.

"ಬನ್ನಿ ಮೇಡಂ," ಎಂದ ಗಂಡ, ನಕ್ಷೆಗೆ ಸ್ಕೇಲು ಹಿಡಿದುಕೊಂಡೇ.

"ಮನೆಗೆ ಬಂದವರನ್ನ ಒಂದ್ಸಲ ತಲೆ ಎತ್ತಿ ನೋಡಬಾರದೇನ್ರೀ?" ಎಂದು ಇವಳು ಗದರಿದಳು. ಅವನು ಫೋನನ್ನು ಮೇಜಿನ ಮೇಲೆ ತಳ್ಳಿದ.

ಅಕ್ಕ ತನ್ನ ಬ್ಯಾಗನ್ನು ಕುರ್ಚಿಗೆ ನೇತುಹಾಕಿ ಕೆಲಸಕ್ಕೆ ಕೂತಳು. ಬ್ಯಾಟರಿ ಉಳಿತಾಯವನ್ನು ತೆಗೆದಳು. 'ಫೋನ್ ನಿದ್ರಿಸುವಾಗ ವೈಫೈ' ಎಂಬಲ್ಲಿ 'ಬೇಡ' ಎಂದಿದ್ದುದನ್ನು 'ಯಾವಾಗಲೂ' ಎಂದು ಬದಲಿಸಿದಳು. ಫೋನನ್ನು ಮಗುಚಿಟ್ಟಳು.

"ಈಗ ಪರೀಕ್ಷೆ ಮಾಡೋಣ. ನೀನು ಕೆಳಗೆ ರಸ್ತೆಗೆ ಹೋಗು. ಹತ್ತು ನಿಮಿಷ ಬಿಟ್ಟು ಮೆಸೇಜ್ ಕಳಿಸು. ಅಲ್ಲಿವರೆಗೂ ನಾವು ಮುಟ್ಟಲ್ಲ."

ಅವಳು ಇಳಿದಳು. ಮೊದಲ ಮಹಡಿಯಲ್ಲಿ ಪಿಟೀಲು ಟೀಚರ್ ಬಾಗಿಲಿಗೆ ಬೀಗ ಹಾಕುತ್ತಿದ್ದಳು. ತಿಂಗಳಿಂದ ಅವಳನ್ನು ಕಂಡರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದ ಇವಳು ಇವತ್ತು ತಾನೇ ನಿಂತು ಮಾತಾಡಿಸಿದಳು.

"ವಾರವೆಲ್ಲ ಪಾಠ ಇರುತ್ತಾ ನಿಮಗೆ?"

"ಮನೇಲಿ ಮೂರೇ ದಿನ. ಮಂಗಳವಾರ, ಗುರುವಾರ ಬೆಳಗ್ಗೆ ಹೋದ್ರೆ ಶಾಲೆ ಮುಗಿಸಿ ಬರೋದೇ ಸಂಜೆ."

ಇವಳಿಗೆ ನಾಚಿಕೆಯಾಯಿತು. ಏನೇನೆಲ್ಲ ಅಂದುಕೊಂಡಿದ್ದೆ ಈ ಹೆಂಗಸಿನ ಬಗ್ಗೆ. ಹಾಗೆ ನೋಡಿದರೆ ಗಂಡನೂ ಸುಳ್ಳು ಹೇಳಿರಲಿಲ್ಲ. ಅಷ್ಟೂ ದಿನ ಮನೆಯಲ್ಲೇ ಇದ್ದ.

ರಸ್ತೆಯಲ್ಲಿ ನಿಂತು ಗಡಿಯಾರ ನೋಡಿಕೊಂಡೇ ಹತ್ತು ನಿಮಿಷ ಕಳೆದಳು. ಗಂಡನಿಗೆ 'ಇದ್ದೀರಾ?' ಎಂದು ಕಳಿಸಿದಳು. ಒಂದು ಟಿಕ್. ಉಸಿರು ಹಿಡಿದಳು. ಎರಡು.

ಎಷ್ಟೋ ದಿನದಿಂದ ಎದೆಯ ಮೇಲಿದ್ದ ಕಲ್ಲು ಇಳಿದಂತಾಯಿತು. ಆ ಖುಷಿಯಲ್ಲೇ ಅಕ್ಕನಿಗೂ ಒಂದು ಮೆಸೇಜ್ ಒತ್ತಿದಳು: 'ನನ್ನ ಸಂಸಾರ ಉಳಿಸಿದ್ರಿ.'

ಕಳಿಸಿದ ಮೇಲೆ ನಗು ಬಂತು. ಸಿಗ್ನಲ್ಲೇ ಇಲ್ಲದ ಮನೆಯಲ್ಲಿ ಕೂತವಳಿಗೆ ಮೆಸೇಜ್ ಎಲ್ಲಿಂದ ಸಿಗಬೇಕು? ಊರವರ ವೈಫೈ ಸರಿಮಾಡುವವಳಿಗೆ ತಾನು ಮನೆಯ ಪಾಸ್‌ವರ್ಡ್ ಕೂಡ ಹೇಳಿಲ್ಲ. ಅವಳೂ ಕೇಳಲಿಲ್ಲ, ಪಾಪ. ಹೋದ ತಕ್ಷಣ ಮೊದಲು ಅದನ್ನು ಕೊಡಬೇಕು, ಆಮೇಲೆ ಚಹಾ. ಹಾಗೆಂದುಕೊಂಡು ಮೆಟ್ಟಿಲಿಗೆ ಕಾಲಿಡುತ್ತ ಫೋನಿನ ಕಡೆ ನೋಡಿದಳು.

ಅಕ್ಕನಿಗೆ ಕಳಿಸಿದ್ದಕ್ಕೂ ಎರಡು ಟಿಕ್ ಬಿದ್ದಿತ್ತು.