ಬೆಲ್‌ಗ್ರೇಡಿಗೆ ಒಳ್ಳೆಯ ಗಳಿಗೆ

ಎರಡೇ ದಿನದ ಬೆಲ್‌ಗ್ರೇಡ್ ಪ್ರವಾಸಕ್ಕೆ ಪದ್ಮನಾಭಯ್ಯ ಆರು ತಿಂಗಳು ಕೂತು ಯೋಜನೆ ಹಾಕಿದ್ದರು. ಕೋಟೆಗೆ ಎರಡು ಗಂಟೆ, ಸಾವಾ ನದಿ ಡ್ಯಾನ್ಯೂಬನ್ನು ಸೇರುವ ಜಾಗಕ್ಕೆ ಹದಿನೆಂಟು ನಿಮಿಷ. ಅವರ ಹೆಂಡತಿ ಇಂದುಮತಿಯ ಚಿಂತೆಯೇ ಬೇರೆ.

“ರೀ, ಶುಕ್ರವಾರ ಸರಿಯಾಗಿ ರಾಹುಕಾಲದಲ್ಲೇ ಮನೆ ಬಿಡ್ತಿದೀವಿ. ಬುಧವಾರ ದಿನ ಚೆನ್ನಾಗಿದೆ. ಒಂದು ಬ್ಯಾಗ್ ಎದುರುಮನೇಲಿ ಇಟ್ಟುಬಂದರೆ ಆವತ್ತೇ ಹೊರಟ ಲೆಕ್ಕ.”

“ಫಿಸಿಕ್ಸ್ ಮೇಷ್ಟ್ರ ಹೆಂಡತಿ ಆಡೋ ಮಾತೇನೇ ಇದು? ವಿಮಾನಕ್ಕೆ ರಾಹು ಗೊತ್ತಾ, ಕೇತು ಗೊತ್ತಾ?”

ಇಂದುಮತಿ ಮತ್ತೆ ಆ ಮಾತೆತ್ತಲಿಲ್ಲ.

ಶುಕ್ರವಾರ ಟ್ಯಾಕ್ಸಿ ಬಂದು ಬಾಗಿಲಲ್ಲಿ ನಿಂತಿತು. ಪಾಸ್‌ಪೋರ್ಟ್ ಇದ್ದ ಬ್ಯಾಗೇ ಕಾಣಿಸದು! ಇಂದುಮತಿ ಬೀರು, ಮಂಚದಡಿ, ಕೊನೆಗೆ ಅಕ್ಕಿ ಡಬ್ಬವನ್ನೂ ಜಾಲಾಡಿದರು. ಪದ್ಮನಾಭಯ್ಯ ಮಾತ್ರ ಕಿಟಕಿಯ ಬಳಿ ನಿಂತು ಎದುರುಮನೆಯ ಬೀಗವನ್ನೇ ನೋಡುತ್ತಿದ್ದರು.

“ಅಲ್ಲೇನ್ರೀ ನೋಡ್ತೀರಿ? ಅವರು ನಿನ್ನೆ ಬೆಳಿಗ್ಗೇನೇ ಕಾಶಿಗೆ ಹೋದರು. ಬಂದು ಬ್ಯಾಗ್ ಹುಡುಕಿ!”

ಪದ್ಮನಾಭಯ್ಯ ಗಂಟಲು ಸರಿಮಾಡಿಕೊಂಡರು. “ಬುಧವಾರ ದಿನ ಚೆನ್ನಾಗಿದೆ ಅಂತ ನೀನೇ ಅಂದಿದ್ದೆಯಲ್ಲೇ…”