ಮಖಮಲ್ಲಿನ ಟೆಲಿಫೋನು

ಟೆಲಿಫೋನಿಗೆ ಯಾವ ಬಣ್ಣದ ಮಖಮಲ್ಲು ಒಪ್ಪುತ್ತದೆ ಎಂದು ತೀರ್ಮಾನಿಸಲು ಉಜ್ಜನಪ್ಪನಿಗೆ ಪೂರಾ ಒಂದು ಗಂಟೆ ಹಿಡಿಯಿತು. ಮಗಳಿಗೆ ಗಂಡು ಆರಿಸುವಾಗಲೂ ಆತ ಇಷ್ಟು ಹೊತ್ತು ಯೋಚಿಸಿರಲಿಲ್ಲ. ಐದು ವರ್ಷ ಸರದಿ ಕಾದ ಮೇಲೆ ಎಸ್.ಎಸ್. ಬಡಾವಣೆಯ ಅವನ ಮನೆಗೆ ಮೊನ್ನೆ ಸೋಮವಾರ ಫೋನು ಬಂದಿತ್ತು. ಇವತ್ತು ಗುರುವಾರ. ರಾಹುಕಾಲ ಕಳೆದ ಮೇಲೆ, ಅಂದರೆ ಮಧ್ಯಾಹ್ನ ಮೂರರ ನಂತರ, ಹರಿಹರದ ಗಂಡಿನ ಕಡೆಯವರು ಅದೇ ಫೋನಿಗೆ ತಮ್ಮ ಒಪ್ಪಿಗೆ ತಿಳಿಸುವವರಿದ್ದರು. ಅಂಥ ಮಾತು ಬರುವ ಯಂತ್ರ ಬರಿಮೈಯಲ್ಲಿ ಕೂತಿರಬಹುದೆ?

ಕೆ.ಬಿ. ಬಡಾವಣೆಯ ಅಂಗಡಿಯ ಅಬ್ದುಲ್ ರಹೀಮ್ ಮೊದಲು ತೋರಿಸಿದ್ದು ಉಪಯೋಗಕ್ಕೆ ಬರುವ ಸಾಮಾನನ್ನೇ. ಉದ್ದ ವೈರು ಹಾಕಿಸಿದರೆ ಫೋನನ್ನು ಅಡುಗೆಮನೆಯವರೆಗೂ ಒಯ್ಯಬಹುದು ಎಂದ. ನಂಬರು ಬರೆದಿಡುವ ಪುಸ್ತಕ ತೆಗೆದಿಟ್ಟ. ಉಜ್ಜನಪ್ಪ ಎರಡನ್ನೂ ಬೆರಳ ತುದಿಯಿಂದ ಪಕ್ಕಕ್ಕೆ ಸರಿಸಿದ. ಮನೆಗೆ ಬಂದವರು ಕಣ್ಣರಳಿಸಿ, ಇದು ಎಲ್ಲಿ ಸಿಕ್ಕಿತು ಎಂದು ಕೇಳುವಂಥ ವಸ್ತುಗಳಲ್ಲ ಅವು. ಆತ ಆರಿಸಿದ್ದು ಹತ್ತಿ ತುಂಬಿದ ಕೆಂಪು ಮಖಮಲ್ಲಿನ ಹೊದಿಕೆ, ಅದಕ್ಕೆ ಸುತ್ತ ಜರಿಯಂಚು. ರಿಸೀವರಿಗೆ ಬೇರೆಯದೇ ಒಂದು ಅಂಗಿ. ಸಾಲದ್ದಕ್ಕೆ, ಮಾತಾಡುವ ಕಡೆ ಅಂಟಿಸಲು ಗುಲಾಬಿ ವಾಸನೆಯ ಬಿಲ್ಲೆ. ಕೂಸು ಹುಟ್ಟುವ ಮುಂಚೆ ಕುಲಾವಿ ಅಂದರೆ ಇದೇ. ಆ ಫೋನು ಇನ್ನೂ ಒಂದು ಸಲವೂ ಹೊಡೆದುಕೊಂಡಿರಲಿಲ್ಲ.

“ಸಾವ್ಕಾರ್ರೆ, ರಿಸೀವರ್ ಕೂಡ್ರೋ ಜಾಗದಾಗ ಎರಡು ಗುಂಡಿ ಇರ್ತಾವು. ಅಲ್ಲಿ ತೂತು ಮಾಡಿಕೊಡ್ತೀನಿ. ಇಲ್ಲಾಂದ್ರೆ ಅವು ಒಳಗೆ ಹೋಗಂಗಿಲ್ಲ,” ಎಂದು ರಹೀಮ್ ಕತ್ತರಿ ಎತ್ತಿಕೊಂಡ.

“ಶುಭಕಾರ್ಯದ ದಿನ ಹೊಸ ಬಟ್ಟೆಗೆ ಕತ್ತರಿ ಹಾಕ್ತಾರೇನ್ರಿ? ಹಂಗೇ ಕಟ್ಟಿಕೊಡ್ರಿ,” ಎಂದ ಉಜ್ಜನಪ್ಪ.

ಎರಡೂವರೆಗೆ ಫೋನಿನ ಸಿಂಗಾರ ಮುಗಿಯಿತು. ಹೆಂಡತಿ ಕಸ್ತೂರಮ್ಮ ಅದರ ಮೇಲೊಂದು ಸೇವಂತಿಗೆ ಇಟ್ಟಳು. ದಪ್ಪ ಹತ್ತಿಯ ಮೇಲೆ ರಿಸೀವರು ಸುಖವಾಗಿ ಮಲಗಿತ್ತು. ಅದರ ಭಾರಕ್ಕೆ ಒಳಗೆ ಹೋಗಬೇಕಾದ ಗುಂಡಿಗಳು ಹೋಗದೆ ಎದ್ದೇ ನಿಂತಿದ್ದವು. ಅಂದರೆ ಆ ಗಳಿಗೆಯಿಂದ ಯಾರು ಎಲ್ಲಿಂದ ಕರೆದರೂ ಅವರಿಗೆ ಎಂಗೇಜ್ ಸದ್ದೇ ಕೇಳಬೇಕು. ಮಖಮಲ್ಲಿನೊಳಗಿಂದ ಸ್ವಲ್ಪ ಹೊತ್ತು ಕುಂಯ್ ಕುಂಯ್ ಎಂದು ಸದ್ದು ಬಂತು. ಇದೇನೆಂದು ಕಸ್ತೂರಮ್ಮ ಕೇಳಿದಳು. ಲೈನಿಗೆ ಜೀವ ಬಂದಿದೆ ಎಂದು ಉಜ್ಜನಪ್ಪ ದೊಡ್ಡ ಎಂಜಿನಿಯರನ ಹಾಗೆ ವಿವರಿಸಿದ. ಆಮೇಲೆ ಅದೂ ನಿಂತಿತು. ಗಂಡಹೆಂಡತಿ ಫೋನಿನ ಎದುರು ಕುರ್ಚಿ ಹಾಕಿಕೊಂಡು ಕೂತರು.

ಮಗಳು ರಶ್ಮಿತಾ ಬಾಗಿಲ ಬಳಿ ನಿಂತಿದ್ದಳು. ಪ್ರೈಮರಿ ಶಾಲೆಯಲ್ಲಿ ಪಾಠ ಹೇಳುವ ಈಕೆ ಹಿಂದೆ ಮೂರು ಗಂಡುಗಳನ್ನು ಬೇಡ ಎಂದಿದ್ದಳು. ಹರಿಹರದ ಕೊಟ್ರೇಶನನ್ನು ಮಾತ್ರ ಒಪ್ಪಿದ್ದಳು, ಅದೂ ಒಂದೇ ಒಂದು ಮಾತಿಗೆ. ಹೆಣ್ಣು ನೋಡಲು ಬಂದ ದಿನ, ಮದುವೆಯಾದ ಮೇಲೂ ಕೆಲಸ ಬಿಡಬೇಡಿ ಎಂದು ಆತ ದೊಡ್ಡವರೆಲ್ಲರ ಎದುರೇ ಹೇಳಿದ್ದ. ತನ್ನ ಮಾತು ತಾನೇ ಆಡಬಲ್ಲ ಗಂಡು ಈ ಸೀಮೆಯಲ್ಲಿ ಒಬ್ಬನಾದರೂ ಇದ್ದಾನಲ್ಲ ಎಂದು ಅವಳಿಗೆ ನಿಜಕ್ಕೂ ಸಂತೋಷವಾಗಿತ್ತು. ಈಗ ಆ ಫೋನು ಬರದೇ ಹೋದರೆ ಎಂಬ ದಿಗಿಲಿನಲ್ಲಿ ಅವಳು ಊಟವನ್ನೂ ಮಾಡಿರಲಿಲ್ಲ.

ನಾಲ್ಕಾಯಿತು, ಐದಾಯಿತು. ರಿಸೀವರ್ ಒಮ್ಮೆ ಎತ್ತಿ ನೋಡೋಣ ಎಂದು ಅವಳು ಎರಡು ಸಲ ಕೇಳಿದಳು. ನಾವು ಎತ್ತಿದ ಹೊತ್ತಿಗೇ ಅವರು ಫೋನು ಮಾಡಿದರೆ ಎಂಗೇಜ್ ಬರುವುದಿಲ್ಲವೇ ಎಂದು ಉಜ್ಜನಪ್ಪ ಗದರಿದ. ಬುದ್ಧಿ ಇರುವವರ ಮಾತೇ ಅದು. ಏನು ಮಾಡುವುದು, ಆ ಬುದ್ಧಿ ಮಖಮಲ್ಲಿನ ಒಳಗೆ ಇಳಿಯಲಿಲ್ಲ. ಏಳು ಗಂಟೆಗೆ ರಶ್ಮಿತಾ ಯಾರನ್ನೂ ಕೇಳದೆ ನೇರ ಬಂದು, ಹೂವು, ಹೊದಿಕೆ, ಅಂಗಿ ಎಲ್ಲ ಕಿತ್ತು ಅಪ್ಪನ ತೊಡೆಯ ಮೇಲೆ ಹಾಕಿ, ಬರಿಯ ರಿಸೀವರನ್ನು ಬರಿಯ ಫೋನಿನ ಮೇಲಿಟ್ಟಳು. ಎರಡು ನಿಮಿಷವಾಗಿರಲಿಲ್ಲ, ಫೋನು ಹೊಡೆದುಕೊಂಡಿತು. ಉಜ್ಜನಪ್ಪ ಹೊದಿಕೆ ಸರಿಸಿ ಏಳುವಷ್ಟರಲ್ಲಿ ಅವಳೇ ಎತ್ತಿದ್ದಳು.

ಮಾತಾಡಿದವನು ಕೊಟ್ರೇಶ್. ಮನೆಯಲ್ಲಿ ಎಲ್ಲರಿಗೂ ಒಪ್ಪಿಗೆ ಇದೆ ಎಂದ. ರಶ್ಮಿತಾಳ ಮುಖ ಅರಳಿತು. ಆದರೆ ಅವನ ಮಾತು ಮುಗಿದಿರಲಿಲ್ಲ. ಮೂರು ಗಂಟೆಯಿಂದ ನಿಮ್ಮ ಫೋನು ಎಂಗೇಜ್ ಬರುತ್ತಿದೆ. ಅಷ್ಟು ಹೊತ್ತು ಬೇರೆ ಯಾವ ಗಂಡಿನ ಕಡೆಯವರ ಜೊತೆ ಮಾತು ನಡೆದಿತ್ತು ಎಂದು ಅಪ್ಪಾಜಿ ಕೇಳಲು ಹೇಳಿದ್ದಾರೆ. ಅದು ಗೊತ್ತಾಗದೆ ಮುಂದಿನ ಮಾತಿಲ್ಲವಂತೆ.

“ನೀವೇನಂದ್ರಿ ಅದಕ್ಕೆ?” ಎಂದಳು.

“ನಾನೇನ್ ಅನ್ಲಿ? ಅಪ್ಪಾಜಿ ಹೇಳಿದ ಮೇಲೆ ಮುಗೀತಲ್ಲ.”

ಅವಳಿಗೆ ಮೊದಲು ಅಳು ಬಂತು, ಆಮೇಲೆ ಹೇಸಿಗೆಯಾಯಿತು. “ನಾಕು ತಾಸಿನಿಂದ ಫೋನ್ ಮುಂದೆ ಕೂತೀರಿ. ಹರಿಹರದಿಂದ ಇಲ್ಲಿಗೆ ಬಸ್ಸಿನಾಗ ಅರ್ಧ ತಾಸು. ಏನಾಗೈತೋ ಬಂದು ನೋಡಾಣ ಅಂತ ನಿಮಗೆ ಅನ್ನಿಸ್ಲೇ ಇಲ್ಲೇನ್ರಿ?”

ಅದಕ್ಕೆ ಅವನು, “ಅಪ್ಪಾಜಿ ಫೋನ್ ಮಾಡು ಅಂದಿದ್ರು, ಹೋಗು ಅಂದಿರ್ಲಿಲ್ಲ,” ಎಂದ.

“ಹಂಗಾದ್ರೆ ಫೋನ್ ಅವರ ಕೈಗೇ ಕೊಡ್ರಿ,” ಎಂದಳು ರಶ್ಮಿತಾ. “ಒಲ್ಲೆ ಅನ್ನೋದನ್ನ ಅವರಿಗೇ ಹೇಳ್ತೀನಿ.”