ಎಡಗಾಲಿನ ಒಪ್ಪಂದ

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುವ ಗಾದೆ ತುರ್ಕಿಯ ನಮ್ಮ ಆಂತೆಪ್ ಊರಿನ ಜೋಡುಗಾರರ ಬೀದಿಗೆ ಬಂದು ಸ್ವಲ್ಪ ಕಾಲು ಬದಲಿಸಿತು: ಸಂಘಕ್ಕೆ ವರುಷ, ಜೋಡಿಗೆ ನಿಮಿಷ. ಕಟ್ಟುಕತೆಯಲ್ಲ, ನಡೆದದ್ದು. ಅದೂ ಕಾಲಲ್ಲೇ ನಡೆದದ್ದು.

"ಆಗೋಲ್ಲ ಅಂದ್ರೆ ಆಗೋಲ್ಲ!" ಶುಕ್ರವಾರದ ನಮಾಜು ಮುಗಿಸಿ ನೆಟ್ಟಗೆ ಬೀದಿಯ ಸಂಘದ ಮಹಡಿ ಹತ್ತಿ ಬಂದ ನುರಿತ ಜೋಡುಗಾರ ಬೆದ್ರಿ ಉಸ್ತಾ, ಟೀ ಲೋಟಗಳು ಬೆಚ್ಚಿಬೀಳುವಂತೆ ಮೇಜು ಗುದ್ದಿದರು. "ನನ್ನ ಜೋಡಿನ ಜೊತೆ ಇವರೆಲ್ಲರ ಜೋಡು ಒಂದೇ ಪೆಟ್ಟಿಗೆಯಲ್ಲಿ ಮಲಗೋದಾ? ನಾನು ಬದುಕಿರೋವರೆಗೂ ಇಲ್ಲ!"

ಜರ್ಮನಿಯ ವ್ಯಾಪಾರಿ ಕೇಳಿದ್ದು ಒಂದು ಕಂಟೇನರ್ ತುಂಬ ಕೆಂಪು ಚರ್ಮದ ಜೋಡು. ಯಾವ ಒಂದು ಅಂಗಡಿಯ ಕೈಲೂ ಆಗದ ಮಾತು. ಬೀದಿಯ ಎಲ್ಲರೂ ಕೂಡಿ ಹೊಲಿದು, ಸಂಘದ ಒಂದೇ ಮುದ್ರೆ ಒತ್ತಿ ಕಳಿಸಬೇಕು. ಸಂಜೆಯೊಳಗೆ ಉತ್ತರ ಹೋಗದಿದ್ದರೆ ಆರ್ಡರು ಬೇರೆ ದೇಶದ ಕಾರ್ಖಾನೆಯ ಪಾಲು. ಎಲ್ಲರೂ ಒಪ್ಪಿದ್ದರು, ಬೀದಿಯ ದೊಡ್ಡ ಅಂಗಡಿಯ ಬೆದ್ರಿ ಉಸ್ತಾ ಒಬ್ಬರನ್ನು ಬಿಟ್ಟು. ಕೂಡಿ ಹೊಲಿಯೋಣ ಎಂದು ವರ್ಷವಿಡೀ ಸಂಘ ಸಭೆ ಕರೆದಿತ್ತು, ಭಾಷಣ ಮಾಡಿತ್ತು, ಇಸ್ತಾಂಬುಲ್‌ನಿಂದ ಟೈ ಕಟ್ಟಿದವನೊಬ್ಬನನ್ನು ಕರೆಸಿ ಪರದೆಯ ಮೇಲೆ ಲಾಭದ ಬಾಣಗಳನ್ನೂ ತೋರಿಸಿತ್ತು. ಬಾಣಗಳೆಲ್ಲ ಮೇಲಕ್ಕೇ ಹೋಗುತ್ತಿದ್ದವು. ಬೆದ್ರಿ ಉಸ್ತಾರ ತಲೆ ಮಾತ್ರ ಅಡ್ಡಕ್ಕೆ.

ಅಷ್ಟರಲ್ಲಿ ಬೀದಿಯ ಎರಡು ಅಂಗಡಿಗಳಲ್ಲಿ ಜೋಡಿನ ಬದಲು ಮೊಬೈಲ್ ಕವರುಗಳು ತೂಗಾಡತೊಡಗಿದ್ದವು. ಮುಂದಿನ ಸರದಿ ಒಕ್ಕೆಶ್ ಉಸ್ತಾರ ಅಂಗಡಿಯದು ಎಂದು ಎಲ್ಲರಿಗೂ ಗೊತ್ತಿತ್ತು. ಅವರಿಗೂ ಗೊತ್ತಿತ್ತು. ಅದೇ ಮಸೀದಿಯಿಂದ ಬೆದ್ರಿ ಉಸ್ತಾರ ಹಿಂದೆಯೇ ಬಂದ ಅವರು ಕಿಟಕಿಯ ಹತ್ತಿರ ಕೂತು, ಸಕ್ಕರೆ ಹಾಕಿದ್ದು ಮರೆತು, ಟೀಗೆ ಮತ್ತೆ ಸಕ್ಕರೆ ಹಾಕುತ್ತಿದ್ದರು.

"ಉಸ್ತಾ, ಎಲ್ಲರದ್ದೂ ಅದೇ ಚರ್ಮ, ಅದೇ ಮೇಣದ ದಾರ..." ಎಂದ ಸಂಘದ ಕಾರ್ಯದರ್ಶಿ ತಾಯ್ಫುರ್.

"ಅದೇ ಚರ್ಮ ಅಂತೆ! ಎಮ್ಮೆಗೂ ಮೂಗಿದೆ, ನನಗೂ ಮೂಗಿದೆ. ಇಬ್ಬರೂ ಒಂದೇನಾ?"

"ಒಂದೊಂದ್ಸಲ ಹಾಗೇ ಅನ್ಸುತ್ತೆ," ಎಂದರು ಒಕ್ಕೆಶ್ ಉಸ್ತಾ, ಕಿಟಕಿಯಾಚೆಗೇ ನೋಡುತ್ತ.

"ನೋಡಿದ್ಯಾ? ಇವನ ಬಾಯಿಗೇ ಹೊಲಿಗೆ ನಿಲ್ಲೋಲ್ಲ, ಇನ್ನು ಜೋಡಿಗೆ ನಿಲ್ಲುತ್ತಾ? ಇವನ ಜೋಡು ಹಾಕಿದ ಕಾಲಿಗೆ ಹೊಸ್ತಿಲು ದಾಟೋದ್ರೊಳಗೆ ಬೊಬ್ಬೆ! ನನ್ನ ಕಣ್ಣು ಕಟ್ಟಿಬಿಡು, ಕಾಲಿಟ್ಟ ತಕ್ಷಣ ಹೇಳ್ತೀನಿ, ಇದು ಒಕ್ಕೆಶನದು ಅಂತ. ಜೋಡು ಅಂದ್ರೆ ಇದು ಕಣೋ, ಇದು!" ಬೆದ್ರಿ ಉಸ್ತಾ ಎಡಗಾಲನ್ನು ನೆಲಕ್ಕೆ ಅಪ್ಪಳಿಸಿದರು. "ಹತ್ತಿಯ ಮೇಲೆ ನಡೆದ ಹಾಗಿರುತ್ತೆ!"

ತಾಯ್ಫುರನಿಗೆ ಒಂದು ಕೆಟ್ಟ ವಿದ್ಯೆ ಇತ್ತು. ಯಾರ ಗಂಟಲನ್ನಾದರೂ ನಿಂತ ನಿಲುವಿನಲ್ಲಿ ಎರವಲು ತರುತ್ತಿದ್ದ. ಈಗ ಎದೆ ಉಬ್ಬಿಸಿ, ಇಲ್ಲದ ಮೀಸೆ ತಿರುವಿ, ಥೇಟು ಬೆದ್ರಿ ಉಸ್ತಾರ ದನಿಯಲ್ಲಿ ಗುಡುಗಿದ: "ಹೊಸ್ತಿಲು ದಾಟೋದ್ರೊಳಗೆ ಬೊಬ್ಬೆ!" ಆಮೇಲೆ ತನ್ನದೇ ಬಡಪಾಯಿ ದನಿಗೆ ಇಳಿದ. "ಹೊಸ್ತಿಲಲ್ಲ ಉಸ್ತಾ. ಮಸೀದಿಯಿಂದ ಇಡೀ ಬಜಾರು ದಾಟಿದ್ದೀರಿ, ಮೇಲೆ ಇಷ್ಟು ಮೆಟ್ಟಿಲು ಹತ್ತಿದ್ದೀರಿ. ಒಂಚೂರು ಆ ಎಡಗಾಲಿಂದು ಬಿಚ್ಚಿ ನೋಡಿ."

ಬೆದ್ರಿ ಉಸ್ತಾ ಬಿಚ್ಚಿ ಒಳಗೆ ಇಣುಕಿದರು. ಹಿಮ್ಮಡಿಯ ಜಾಗದಲ್ಲಿ ತಮ್ಮ ಅಂಗಡಿಯ ಹುಂಜದ ಮುದ್ರೆಯ ಬದಲು ದಾಳಿಂಬೆಯೊಂದು ಆರಾಮವಾಗಿ ಕೂತಿತ್ತು. ಇಡೀ ಬೀದಿಯಲ್ಲಿ ದಾಳಿಂಬೆ ಒತ್ತುವವರು ಒಕ್ಕೆಶ್ ಉಸ್ತಾ ಒಬ್ಬರೇ.

"ಲೋ ಕಳ್ಳ! ನಮಾಜಿನ ಹೊತ್ತಲ್ಲಿ ಜೋಡು ಅದಲುಬದಲು ಮಾಡಿದ್ಯೇನೋ?"

"ಇಬ್ಬರದೂ ಒಂದೇ ಅಳತೆ," ಎಂದ ತಾಯ್ಫುರ್, "ಅಕ್ಕಪಕ್ಕದಲ್ಲೇ ಬಿಟ್ಟಿದ್ರಿ. ನಾನು ಕೊನೇ ಸಾಲಿನವನು, ಬೇಗ ಹೊರಗೆ ಬಂದೆ. ದೇವರ ಮುಂದೆ ಎಲ್ಲಾ ಒಂದೇ ಅಂತ ಇಮಾಮರು ನಿಮಗೆ ಹೇಳಿದ್ರಲ್ಲ, ನಾನು ಹೊರಗಡೆ ಜೋಡುಗಳಿಗೂ ಹೇಳಿದೆ, ಅಷ್ಟೇ."

ಒಕ್ಕೆಶ್ ಉಸ್ತಾ ತೊಡೆ ತಟ್ಟಿಕೊಂಡು ನಕ್ಕರು. "ಹತ್ತಿಯ ಮೇಲೆ ನಡೆದ ಹಾಗಂತೆ! ಆ ಹತ್ತಿ ನಂದು ಕಣೋ ಬೆದ್ರಿ! ನಿನ್ನ ಮಾಲು ನನ್ನ ಕಾಲಿಗೆ ಬಂದಿದ್ರೆ ಮೊದಲ ಹೆಜ್ಜೆಯಲ್ಲೇ ಗೊತ್ತಾಗಿರ್ತಿತ್ತು. ಇಟ್ಟಿಗೆ ಕಟ್ಟಿಕೊಂಡ ಹಾಗೆ!"

ತಾಯ್ಫುರ್ ಮೆಲ್ಲಗೆ ಕೆಮ್ಮಿದ. "ಅದಲುಬದಲು ಅಂದ್ಮೇಲೆ ಎಡಗಾಲು ಎರಡು ಉಸ್ತಾ."

ಒಕ್ಕೆಶ್ ಉಸ್ತಾರ ಕೈ ತೊಡೆಯ ಮೇಲೇ ನಿಂತಿತು. ಬಗ್ಗಿದರು. ಬಿಚ್ಚಿದರು. ಒಳಗಿನಿಂದ ಹುಂಜ ಅವರನ್ನೇ ದುರುಗುಟ್ಟಿ ನೋಡುತ್ತಿತ್ತು.

ಆಗ ಬೆದ್ರಿ ಉಸ್ತಾ ನಕ್ಕರು ನೋಡಿ! ಮೊದಲು ಹೊಟ್ಟೆ ಕುಣಿಯಿತು, ಆಮೇಲೆ ಮೀಸೆ, ಕೊನೆಗೆ ಮೇಜು. ಎದುರಿನ ತಾಮ್ರದ ಅಂಗಡಿಯವನು ಸುತ್ತಿಗೆ ನಿಲ್ಲಿಸಿ ಮೇಲೆ ನೋಡಿದ. "ಇಟ್ಟಿಗೆ... ಇಟ್ಟಿಗೆ ಕಟ್ಟಿಕೊಂಡು ಮಹಡಿ ಹತ್ತಿದನಂತೆ!" ಕಣ್ಣೊರೆಸಿಕೊಂಡರು, ಮತ್ತೆ ನಕ್ಕರು. "ಬರಿಯೋ ತಾಯ್ಫುರ್, ಜರ್ಮನಿಗೆ ಹ್ಞೂಂ ಅಂತ ಬರಿ. ನಮಗೇ ಗೊತ್ತಾಗದ್ದು ಅವರಿಗೇನು ಗೊತ್ತಾಗುತ್ತೆ!"

ಒಕ್ಕೆಶ್ ಉಸ್ತಾ ಸಕ್ಕರೆ ಮಿತಿಮೀರಿದ ಟೀಯನ್ನು ಒಂದೇ ಗುಟುಕಿಗೆ ಮುಗಿಸಿದರು. ಹುಂಜದ ಜೋಡನ್ನು ತೋಳಿನಿಂದ ಒರೆಸಿ ಮುಂದೆ ಚಾಚಿದರು. "ತಗೋ, ನಿಂದು."

ಬೆದ್ರಿ ಉಸ್ತಾ ಅದನ್ನು ಮುಟ್ಟಲಿಲ್ಲ. ನಗುತ್ತಲೇ ದಾಳಿಂಬೆಯೊಳಗೆ ಮತ್ತೆ ಕಾಲು ತೂರಿಸಿದರು, ಹೆಬ್ಬೆರಳು ಆಡಿಸಿ ನೋಡಿದರು, ಕೈ ನೀಡಿದರು.

"ಅದು ನಿನ್ನತ್ರಾನೇ ಇರ್ಲಿ. ನಿನ್ನ ಬಲಗಾಲಿಂದೂ ಬಿಚ್ಚು ಇತ್ಲಾಗೆ."